ಲುಬ್ಬರ್ಟನ ಆರು ತುಂಡಿನ ಮಾತು

ಬಾಳೆಲ್ಲ ಸಂತೆಯಲ್ಲಿ ಉಣ್ಣೆಯ ಕಾಲುಚೀಲ ಮಾರಿದ ನನಗೆ ಹಳಸಿದ ಮೀನಿನ ವಾಸನೆ ರೂಢಿಯಾಗಿದೆ. ಬೆಳಗ್ಗೆ ಚೀಟಿ ಎತ್ತುವಾಗಿನ ನಗು ಮಾತ್ರ ಇವತ್ತಿಗೂ ರೂಢಿಯಾಗಿಲ್ಲ.

ಸ್ವಂತ ಜಾಗವಿಲ್ಲದ ವ್ಯಾಪಾರಿಗಳು ಆ ದಿನ ಖಾಲಿ ಉಳಿದ ಜಾಗಕ್ಕೆ ಚೀಟಿ ಎತ್ತಬೇಕು. ಚೀಟಿ ಬಂದವನು ತನ್ನ ಸರಕಿನ ಹೆಸರನ್ನು ಗಟ್ಟಿಯಾಗಿ ಕೂಗಬೇಕು. ಕೂಗದಿದ್ದರೆ ಜಾಗ ಮುಂದಿನವನ ಪಾಲು. ಅಂಥವರಲ್ಲೊಬ್ಬ ಲುಬ್ಬರ್ಟ್. ಅವನು ಮಾರುತ್ತಿದ್ದುದು ಆಲೂಗಡ್ಡೆಯ ಸಿಪ್ಪೆ ಹೆರೆಯುವ ಚಾಕು. ಅಷ್ಟೂ ಸೇರಿ ನಮ್ಮ ಡಚ್ ಭಾಷೆಯಲ್ಲಿ ಒಂದೇ ಪದ, ರೈಲುಬಂಡಿಯಷ್ಟು ಉದ್ದ. ಅವನಿಗೋ ಉಗ್ಗು.

ಪದವನ್ನು ಆರು ತುಂಡು ಮಾಡಿ, ತುಂಡಿಗೊಮ್ಮೆ ಕಾಲು ಕುಟ್ಟಲು ತಾಯಿ ಕಲಿಸಿದ್ದಳು. ಮರದ ಜೋಡು ಕುಟ್ಟುತ್ತ, ಆರ್ಡ್, ಆಪ್, ಪೆಲ್, ಸ್ಖಿಲ್, ಮೆಸ್, ಸೆನ್ ಎಂದು ದಾಟುತ್ತಿದ್ದ. 'ಸ್ಖಿ' ಬಂದಾಗ ಗಂಟಲು ಕೆರೆಯಬೇಕು. ಅಲ್ಲಿ ಅವನ ಕತ್ತಿನ ನರ ಉಬ್ಬುತ್ತಿತ್ತು.

"ಕುದುರೆ ಬಂತ್ರೋ, ಹುಲ್ಲು ಹಾಕ್ರೋ!" ಎಂದು ಚೀಸ್ ಮಾರುವ ರುಲೋಫ್ ತಾನೂ ಕುಟ್ಟುತ್ತಿದ್ದ. ಸುತ್ತ ನಿಂತವರೂ ಕುಟ್ಟುತ್ತಿದ್ದರು. ಅವರು ಅಣಕಿಸಿ ಕುಟ್ಟಿದಷ್ಟೂ ಲುಬ್ಬರ್ಟನ ನಾಲಿಗೆ ಸಲೀಸಾಗುತ್ತಿತ್ತು ಎಂಬುದು ಆ ಮೂಢರಿಗೆ ಹೊಳೆಯಲೇ ಇಲ್ಲ.

ಮೊಟ್ಟೆ ಮಾರುವ ಮುದುಕಿ ತೀರಿಕೊಂಡು, ಚರ್ಚಿನ ಎದುರಿನ ಮೂಲೆ ಖಾಲಿಯಾಯಿತು. ಚೀಟಿ ಬಂದವನಿಗೆ ಅದು ಖಾಯಂ. ಚೀಟಿ ಲುಬ್ಬರ್ಟನಿಗೇ ಬಂತು. ಮುಂದಿನ ಸರದಿ ಸಂತೆಯ ಮೇಲ್ವಿಚಾರಕ ಹಿಲ್‌ಬ್ರಾಂಟನ ಭಾವಮೈದನದು.

ಹಿಲ್‌ಬ್ರಾಂಟ್ ಉಪ್ಪು ಬೆರೆಸಿದ ಜ್ಯೇಷ್ಠಮಧು ಮಿಠಾಯಿ ಜಗಿಯುತ್ತಿದ್ದ. ತುಟಿಯಂಚಿನಲ್ಲಿ ಕಪ್ಪು ಜೊಲ್ಲು.

"ಇವತ್ತು ಯಾರೂ ಕುಟ್ಟೋ ಹಾಗಿಲ್ಲ. ನೀನೂ ಅಷ್ಟೆ ಕಣಪ್ಪ. ಬಾಯಿ ಬಿಡು, ನಮ್ಮ ಭಾವಮೈದ ಕಾಯ್ತಿದಾನೆ."

ರುಲೋಫ್ ಕೂಡ ತೆಪ್ಪಗೆ ಕಾಲು ಜೋಡಿಸಿ ನಿಂತ. ಅವನ ನಗುವಿಗಿಂತ ಆ ವಿಧೇಯತೆ ಇನ್ನೂ ಅಸಹ್ಯ.

"ಆ... ಆ..."

"ಮುಂದಿನ ಚೀಟಿ ಕೂಗ್ಲಾ?"

ಲುಬ್ಬರ್ಟ್ ಜೇಬಿನಿಂದ ಒಂದು ಆಲೂಗಡ್ಡೆ ತೆಗೆದ, ಚಾಕುವನ್ನೂ ತೆಗೆದ. "ಆರ್ಡ್" ಎಂದು ಒಂದೆಳೆ ಹೆರೆದ. ಸಿಪ್ಪೆ ಹಿಲ್‌ಬ್ರಾಂಟನ ಬೂಟಿನ ಮೇಲೆ ಬಿತ್ತು. "ಆಪ್." ಇನ್ನೊಂದು. "ಪೆಲ್." 'ಸ್ಖಿಲ್' ಬಂದಾಗ ನರ ಉಬ್ಬಿತು, ಕೈ ನಿಲ್ಲಲಿಲ್ಲ. 'ಸೆನ್' ಎನ್ನುವಾಗ ಗಡ್ಡೆ ಬೋಳಾಗಿತ್ತು.

"ಥೂ, ಏನಿದು ಗಲೀಜು!"

"ಕು... ಕುಟ್ಟಿಲ್ವಲ್ಲ, ಯಜಮಾನ್ರೇ."

ನೋಡುತ್ತಿದ್ದ ಹೆಂಗಸರು ಆಗಲೇ ಚಾಕು ಕೇಳತೊಡಗಿದ್ದರು. ಅಷ್ಟು ಜನರ ಮುಂದೆ ಹಿಲ್‌ಬ್ರಾಂಟನಿಗೆ ಇಲ್ಲವೆನ್ನಲಾಗಲಿಲ್ಲ. ಮೂಲೆ ಲುಬ್ಬರ್ಟನದಾಯಿತು.

ರುಲೋಫ್ ಬಂದು ಅವನ ಬೆನ್ನು ತಟ್ಟಿದ: "ನಂಗೊತ್ತಿತ್ತು ಕಣೋ, ನೀನು ಗೆದ್ದೇ ಗೆಲ್ತೀಯ ಅಂತ."

ಲುಬ್ಬರ್ಟ್ ಅವನಿಗೂ ಒಂದು ಚಾಕು ಮಾರಿದ. ನಾನಾಗಿದ್ದರೆ ಸಿಪ್ಪೆ ಕೊಟ್ಟು ಕಳಿಸುತ್ತಿದ್ದೆ.