ಉಡಿ ತುಂಬಿದ ಕೈ

ನೀಲಾ, ನಾನು ನಿನಗೆ ಸುಳ್ಳು ಹೇಳಿದೆ. ಹಾಲು ಕುಡಿಸುವಾಗ ನನಗೂ ನೋವಾಗಿತ್ತು. ಬಹಳ ನೋವಾಗಿತ್ತು. ನೀನು ಕೇಳಿದಾಗ ಆಗಿರಲಿಲ್ಲ ಎಂದೆ. ನಿನ್ನ ಮುಖ ನೋಡಿಕೊಂಡೇ ಹೇಳಿದೆ — ಅದೂ ಪೂರ್ತಿ ನಿಜವಲ್ಲ. ಆಗ ನಾನು ನಿನ್ನ ಮಗುವಿನ ಅಂಗಾಲು ನೋಡುತ್ತಿದ್ದೆ.

ಮೊದಲು ನನ್ನದನ್ನು ಹೇಳಿಬಿಡುತ್ತೇನೆ. ಮಕ್ತಲದ ನಮ್ಮ ಮನೆಯ ಒಳಕೋಣೆಯಲ್ಲಿ, ನೀನು ಬಾಣಂತಿಯಾಗಿ ಮಲಗಿದ ಅದೇ ಹೊರಸಿನ ಮೇಲೆ, ನಿನಗಿಂತ ಎರಡು ವರ್ಷ ಮುಂಚೆ ನಾನು ಮಲಗಿದ್ದೆ. ಮಗಳು ಬಾಯಿ ಹಾಕಿದ ಕೂಡಲೇ ನನ್ನ ಕಾಲ್ಬೆರಳುಗಳು ಮುದುಡಿಕೊಳ್ಳುತ್ತಿದ್ದವು. ತೊಟ್ಟು ಸೀಳಿ ರಕ್ತ ಜಿನುಗುತ್ತಿತ್ತು. ಅವಳು ಎಚ್ಚರಗೊಳ್ಳುವ ಸದ್ದಾದರೆ ಹೆದರಿಕೆಯಾಗುತ್ತಿತ್ತು — ತಾನು ಹೆತ್ತ ಕೂಸಿಗೆ ಹೆದರುವುದೆಂದರೆ... ಅದನ್ನು ಯಾರ ಮುಂದೆ ಹೇಳುವುದು? ಸೆರಗಿನ ತುದಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿ ಕೂರುತ್ತಿದ್ದೆ. ಅವ್ವ ಅದನ್ನು ನಾಚಿಕೆ ಎಂದುಕೊಂಡಳು. ನೋಡಲು ಬಂದವರಿಗೆಲ್ಲ, “ನಮ್ಮ ದೊಡ್ಡಾಕಿ ಒಂದಿನ ಹಾ ಅಂದಾಕಿ ಅಲ್ರೀ” ಎಂದು ಹೇಳುತ್ತಿದ್ದಳು. ಆ ಮಾತು ನನಗೆ ಹಿತವಾಗಿತ್ತು. ಹಿತವಾಗಿತ್ತು ಎನ್ನುವುದನ್ನೂ ಮುಚ್ಚಿಡುವುದಿಲ್ಲ.

ಕೊನೆಗೆ ತಡೆಯಲಾಗಲಿಲ್ಲ. ಮಗುವಿನ ಕಣ್ಣು ಹಳದಿಯಾದಂತಿದೆ, ತೋರಿಸಬೇಕು ಎಂದು ನೆಪ ಮಾಡಿದೆ. ನಿಮ್ಮ ಭಾವ ಗದ್ವಾಲದಿಂದ ಕಾರು ತಂದರು, ನಾರಾಯಣಪೇಟೆಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ಅವರನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿ, ತಮ್ಮ ಮುಂದೆಯೇ ಹಾಲು ಕುಡಿಸಲು ಹೇಳಿದರು. ನೋಡಿ ನಕ್ಕರು. “ತುದಿನಿ ಮಾತ್ರಮೇ ಪಟ್ಟುಕುಂಟೋಂದಿ ಅಮ್ಮಾ” ಎಂದರು. ಕೂಸು ತೊಟ್ಟಿನ ತುದಿಯನ್ನಷ್ಟೇ ಹಿಡಿದು ಎಳೆಯುತ್ತಿತ್ತು. ಆಕಳಿಸುವಷ್ಟು ದೊಡ್ಡದಾಗಿ ಬಾಯಿ ತೆರೆಯುವವರೆಗೆ ಕಾಯಬೇಕು; ತೆರೆದಾಗ ನಾನು ಬಗ್ಗದೆ ಅದನ್ನೇ ಎದೆಗೆ ತಂದುಕೊಳ್ಳಬೇಕು; ಗದ್ದ ಎದೆಗೆ ಒತ್ತಿರಬೇಕು, ತೊಟ್ಟಿನ ಸುತ್ತಲ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಆಗಲೂ ನೋಯುತ್ತಿದ್ದರೆ ಸಹಿಸಿ ಕೂರಬಾರದು. ತೊಳೆದ ಕಿರುಬೆರಳನ್ನು ಅದರ ತುಟಿಯ ಮೂಲೆಗೆ ಹಾಕಿ ಬಿಡಿಸಿ, ಮತ್ತೆ ಹಿಡಿಸಬೇಕು. ಕುಡಿಸಿದ ಮೇಲೆ ಒಂದು ಹನಿ ಹಾಲನ್ನೇ ಸವರಿ ಆರಲು ಬಿಡಬೇಕು. ಎದೆಯಲ್ಲಿ ಗಂಟು ಕಟ್ಟಿ ಜ್ವರ ಬಂದರೆ ತಡಮಾಡದೆ ಬರಬೇಕು.

ಇಷ್ಟೇ ನೀಲಾ. ನೋವು ಅವತ್ತೇ ಹೋಗಲಿಲ್ಲ. ಆದರೆ ಒಂದು ವಾರದೊಳಗೆ ನಾನು ಸೆರಗು ಕಚ್ಚುವುದನ್ನು ಬಿಟ್ಟೆ.

ಮನೆಗೆ ಬಂದು, ಮಗುವಿನ ಕಣ್ಣು ಚೆನ್ನಾಗಿದೆಯಂತೆ ಎಂದೆ. ಉಳಿದದ್ದನ್ನು ಹೇಳಲಿಲ್ಲ. ಕಲಬುರಗಿಯಲ್ಲಿ ಎಂ.ಎಸ್ಸಿ. ಮಾಡಿದವಳಿಗೆ, ಆಕಳಿಗೂ ಹೇಳಿಕೊಡದೆ ಬರುವ ಕೆಲಸವನ್ನು ಇನ್ನೊಬ್ಬರು ಕೈಹಿಡಿದು ಕಲಿಸಬೇಕಾಯಿತಲ್ಲ ಎನ್ನುವ ನಾಚಿಕೆ. ಅದು ಅಲ್ಲಿಗೇ ಮುಗಿದಿದ್ದರೆ ನನ್ನೊಬ್ಬಳ ಗುಟ್ಟಾಗಿ ಉಳಿಯುತ್ತಿತ್ತು. ಆದರೆ ನೀನು ಬಸುರಿಯಾದೆ, ನಿನ್ನ ಕುಬಸದ ಕಾರ್ಯ ಬಂತು.

ಎಲ್ಲರ ಮನೆಯಲ್ಲೂ ಉಡಿ ತುಂಬುತ್ತಾರೆ. ನಮ್ಮ ಮನೆತನದಲ್ಲಿ ಮಾತ್ರ ಚೊಚ್ಚಲ ಬಸುರಿಗೆ ಮೊದಲ ಉಡಿಯನ್ನು ಯಾರು ತುಂಬಬೇಕು ಎಂಬುದಕ್ಕೆ ಒಂದು ನೇಮ. ಅಪ್ಪನ ಅಕ್ಕ, ನಮ್ಮ ಬಸಮ್ಮತ್ತಿ, ಅದನ್ನು ಕಾಯುವವಳು. “ಹಾಲು ಕುಡಸುವಾಗ ಯಾರಿಗೆ ಎದಿ ಕಾಡಿಲ್ಲೋ ಆಕಿ ಕೈಲೆ ತುಂಬಸ್ರಿ. ಆಕಿ ಕೈಗುಣ ಬಸುರಿಗೆ ಇಳಿತೈತಿ” ಎಂದಳು. ಅವ್ವ ನನ್ನ ಕಡೆ ನೋಡಿದಳು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಎದ್ದೆ. ನಾರಾಯಣಪೇಟೆ ಸೀರೆಯಲ್ಲಿ ನೀನು ಮಣೆಯ ಮೇಲೆ ಕೂತಿದ್ದೆ. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿಣಕೊಂಬು — ಒಂದೊಂದಾಗಿ ನಿನ್ನ ಸೆರಗಿಗೆ ಹಾಕಿದೆ. “ಅಕ್ಕನ ಭಾಗ್ಯ ನನಗೂ ಬರ್ಲೆವ್ವ” ಎಂದು ನೀನು ನಕ್ಕೆ.

ಆಮೇಲಿನದು ನಿನಗೆ ಗೊತ್ತು. ನಿನಗೆ ತಿಳಿಯದ ಭಾಗ ಅದರೊಳಗೆ ಇರುವುದರಿಂದ ಮತ್ತೆ ಹೇಳುತ್ತಿದ್ದೇನೆ.

ನಿನ್ನ ಹೆರಿಗೆಯಾದ ಎರಡನೆಯ ವಾರ ನಾನು ಮಕ್ತಲಕ್ಕೆ ಬಂದೆ. ಕೋಣೆಯಲ್ಲಿ ಲೋಬಾನದ ಹೊಗೆ. ಬಸಮ್ಮತ್ತಿ ಬಾಗಿಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವ್ವ ನಿನ್ನ ತಲೆಗೆ ಬಟ್ಟೆ ಕಟ್ಟುತ್ತಿದ್ದಳು. ನೀನು ನನ್ನಂತಲ್ಲ, ನೋವಾದರೆ ಕೂಗುವವಳು. “ಹಲ್ಲಿಲ್ಲ ನೋಡಕ್ಕ ಇದಕ್ಕ, ಕತ್ರಿ ಇಟ್ಕೊಂಡು ಹುಟ್ಟೈತಿ” ಎಂದೆ. ಕಣ್ಣಲ್ಲಿ ನೀರಿತ್ತು, ಆದರೂ ನಗಿಸುತ್ತಿದ್ದೆ.

“ಊರಾಗ ನೀ ಒಬ್ಬಾಕೀನ ಹಡದಿಯೇನು?” ಎಂದು ಅತ್ತೆ ಬೆಳ್ಳುಳ್ಳಿಯಿಂದ ಕಣ್ಣೆತ್ತದೆ ಅಂದಳು. “ನಿಮ್ಮಕ್ಕನ್ನ ನೋಡಿ ಕಲಿ.”

ಆಗ ನೀನು ನನ್ನ ಕೈ ಹಿಡಿದುಕೊಂಡೆ. “ಅಕ್ಕಾ, ಖರೇ ಹೇಳು. ನಿನಗೂ ಹಿಂಗ ಆಗಿತ್ತೇನು?”

ಹೂಂ ಅಂದಿದ್ದರೆ ಸಾಕಿತ್ತು. ಕೋಣೆಯಿಂದ ಇಬ್ಬರನ್ನೂ ಕಳಿಸಿ, ಬಾಗಿಲು ಹಾಕಿ, ನಾರಾಯಣಪೇಟೆಯಲ್ಲಿ ನನಗೆ ತೋರಿಸಿದ್ದನ್ನು ನಿನಗೆ ತೋರಿಸಬಹುದಿತ್ತು. ಆದರೆ ಆ ಕ್ಷಣ ನನ್ನ ತಲೆಯಲ್ಲಿ ಬಂದದ್ದು ನಿನ್ನ ಎದೆಯಲ್ಲ, ನನ್ನ ಕೈ. ನೋವುಂಡವಳು ಉಡಿ ತುಂಬಿದ್ದಕ್ಕೇ ನಿನಗೆ ಹೀಗಾಯಿತು ಎಂದು ಅತ್ತೆ ಅನ್ನುತ್ತಾಳೆ. ನಾರಾಯಣಪೇಟೆ ಕಡೆಯ ಮದ್ದೂರಿನ ದೊಡ್ಡವ್ವನ ಸೊಸೆಗೆ ಹಾಗೆ ಅಂದು, ಆಮೇಲೆ ಯಾವ ಕಾರ್ಯಕ್ಕೂ ಅವಳನ್ನು ಮುಂದೆ ಕರೆಯಲಿಲ್ಲ. ಕೈಗುಣ ಎಂಬುದನ್ನು ನಾನು ನಂಬುವುದಿಲ್ಲ, ನೀಲಾ. ಅಂದೂ ನಂಬಿರಲಿಲ್ಲ. ನಂಬದ ಮಾತಿಗೆ ಹೆದರಿ —

“ಇಲ್ಲ. ನನಗೇನೂ ಆಗಿರಲಿಲ್ಲ” ಎಂದೆ.

ನೀನು ಕೈ ಬಿಟ್ಟೆ. ಮತ್ತೆ ನಗಿಸಲಿಲ್ಲ.

ಮರುದಿನ ನಾನು ಗದ್ವಾಲಕ್ಕೆ ಹೊರಟೆ. ಜೂರಾಲ ಅಣೆಕಟ್ಟು ದಾಟುವಾಗ ಫೋನು ಕೈಯಲ್ಲೇ ಇತ್ತು. ಮನೆ ಮುಟ್ಟಿದ ಮೇಲೆ ಮಾಡಿದರಾಯಿತು ಎಂದುಕೊಂಡೆ. ಮುಟ್ಟಿದ ಮೇಲೆ, ನಾಳೆ.

ನೀನು ಕೂಗುವುದನ್ನು ಬಿಟ್ಟೆಯಂತೆ. “ಈಗ ರೂಢಿ ಆಗೈತಿ” ಎಂದು ಅವ್ವ ಫೋನಿನಲ್ಲಿ ಸಂತೋಷಪಟ್ಟಳು. ರೂಢಿಯಲ್ಲ — ಒಂದು ಕಡೆ ಕುಡಿಸುವುದನ್ನೇ ನೀನು ನಿಲ್ಲಿಸಿದ್ದೆ, ಯಾರಿಗೂ ಹೇಳದೆ. ಆ ಕಡೆ ಗಂಟು ಕಟ್ಟಿತು. ಅತ್ತೆ ಬಿಸಿ ಬಟ್ಟೆ ಇಟ್ಟು ಬಲವಾಗಿ ಅದುಮಿದಳು. ಚಳಿ ಜ್ವರ ಬಂತು. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ಕೀವಾಗಿತ್ತು, ಕೊಯ್ದು ತೆಗೆಯಬೇಕಾಯಿತು. ಆಮೇಲೆ ನೀನು ಕೂಸನ್ನು ಎದೆಗೆ ತೆಗೆದುಕೊಳ್ಳಲೇ ಇಲ್ಲ. ನಾನು ನೋಡಲು ಬಂದಾಗ ನೀನು ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ನನ್ನಿಂದ. ಬೇರೆ ಯಾರಿಂದಲೂ ಅಲ್ಲ, ನನ್ನಿಂದ.

ನಾನು ಹೇಳಿದ್ದರೆ ಬಾವು ಆಗುತ್ತಲೇ ಇರಲಿಲ್ಲ ಎಂದು ಖಚಿತವಾಗಿ ಅನ್ನಲಾರೆ. ಇನ್ನೊಂದು ಮಾತನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ: ಲೋಕದಲ್ಲಿ ತನಗೊಬ್ಬಳಿಗೇ ಹೀಗೆ ಎಂದು ನೀನು ತಿಳಿಯುತ್ತಿರಲಿಲ್ಲ.

ಆ ಅನಿಸಿಕೆಯೇ ನಿನ್ನಿಂದ ಇನ್ನೂ ಹೋಗಿಲ್ಲ. ಹೋದ ವಾರ ನೀನು ಫೋನು ಮಾಡಿದಾಗ ಅದು ಕೇಳಿಸಿತು. ಈಗ ಮತ್ತೆ ಏಳು ತಿಂಗಳು ನಿನಗೆ. “ಈ ಸಲ ಹಾಲು ಕುಡಸೂದೇ ಇಲ್ಲಕ್ಕ. ಹಡದ ಕೂಡ್ಲೆ ಹಾಲು ಬತ್ತಾಕ ಗುಳಿಗಿ ಕೇಳ್ತೀನಿ. ನಂದು ಕೆಟ್ಟ ಎದಿ. ಎಲ್ಲಾರಿಗೂ ನಿನ್ನಂಥಾ ಮೈ ಇರತೈತೇನು?” ಎಂದೆ. ಅಳಲಿಲ್ಲ. ಇಂದು ಬದನೆಕಾಯಿ ಪಲ್ಯ ಎನ್ನುವ ದನಿಯಲ್ಲಿ ಹೇಳಿದೆ. ನಾನು ಹೂಂ ಎಂದೆ. ಅವತ್ತು ಬೇಕಾಗಿದ್ದ ಹೂಂ ಇಷ್ಟು ವರ್ಷಗಳ ಮೇಲೆ, ತಪ್ಪು ಮಾತಿಗೆ.

ಸೋಮವಾರ ಮಕ್ತಲಕ್ಕೆ ಬರುತ್ತೇನೆ. ಒಳಕೋಣೆಯಲ್ಲಿ ಗುಟ್ಟಾಗಿ ಹೇಳುವುದಿಲ್ಲ. ಸುಳ್ಳು ಹೇಳಿದ್ದು ಅವ್ವ, ಅತ್ತೆ ಇಬ್ಬರ ಮುಂದೆ, ನಿಜವನ್ನೂ ಅವರ ಮುಂದೆಯೇ ಹೇಳುತ್ತೇನೆ. ಅತ್ತೆ ನನ್ನ ಕೈಗೆ ಏನು ಹೆಸರಿಟ್ಟರೂ ಇಡಲಿ. ನೀನು ಹಾಲು ಕುಡಿಸಲೇಬೇಕು ಎಂದು ಹೇಳಲು ಬರುತ್ತಿಲ್ಲ. ಕುಡಿಸುವುದು, ಬಿಡುವುದು ನಿನ್ನ ಮೈ, ನಿನ್ನ ಮಾತು. ಬೇಕೆಂದರೆ ನಾರಾಯಣಪೇಟೆಗೆ ಜೊತೆಯಲ್ಲಿ ಹೋಗೋಣ. ಬೇಡವೆಂದರೂ ಸರಿ. ಆದರೆ ನಿನ್ನ ಎದೆ ಕೆಟ್ಟದ್ದು ಎಂದು ನಂಬಿಕೊಂಡು ಬಿಡಬೇಡ. ಆ ನಂಬಿಕೆ ನಾನು ನಿನ್ನ ಉಡಿಗೆ ಹಾಕಿದ್ದು. ಕ್ಷಮಿಸು ಎಂದೂ ಕೇಳುವುದಿಲ್ಲ. ನೀನು ಕೇಳಿದ ಮಾತಿಗೆ ಉತ್ತರ ಕೊಡುವುದಷ್ಟೇ ನನ್ನ ಬಾಕಿ.

ಹೂಂ ನೀಲಾ. ನನಗೂ ಹಿಂಗ ಆಗಿತ್ತು.