ಒಗೆಯುವ ಕೋಣೆಯ ಅತಿಥಿ

ಒಹಾಯೋದ ಫಿಂಡ್ಲೆ ಊರಿನಲ್ಲಿ ಆರ್ಡಿತ್ ಕ್ಲಿಂಗರಳನ್ನು ಅರಿಯದವರು ಕಡಿಮೆ. ಅಂಚೆ ಕಚೇರಿಯ ಗುಮಾಸ್ತ, ಬೇಕರಿಯ ಹೆಂಗಸು, ಅಗ್ನಿಶಾಮಕ ದಳದ ಗಡ್ಡದವನು, ಎಲ್ಲರೂ ಒಂದು ಕಾಲಕ್ಕೆ ಶಾಲೆಯ ಊಟದ ಮನೆಯಲ್ಲಿ ತಟ್ಟೆ ಹಿಡಿದು ಅವಳೆದುರು ಸಾಲು ನಿಂತವರೇ. ಬಟಾಣಿ ಬೇಡವೆಂದು ಮುಖ ಸಿಂಡರಿಸಿದ ಮಗುವಿನ ತಟ್ಟೆಗೂ ಅವಳು ಅರ್ಧ ಸೌಟು ಬಟಾಣಿ ಹಾಕಿ, "ತಿನ್ನದಿದ್ರೆ ಬಿಡು, ಪಕ್ಕದಲ್ಲಿ ಕೂತು ಪರಿಚಯವಾದ್ರೂ ಆಗ್ಲಿ" ಎನ್ನುತ್ತಿದ್ದಳು.

ಮೇರಿಗೋಲ್ಡ್ ಅವಳ ಮನೆಗೆ ಬಂದದ್ದೂ ಆ ಶಾಲೆಯಿಂದಲೇ. ವಿಜ್ಞಾನದ ಕೋಣೆಯ ಗಾಜಿನ ಪೆಟ್ಟಿಗೆಯಲ್ಲಿದ್ದ, ಕಿತ್ತಳೆ ಬಣ್ಣದ, ವಿಷವಿಲ್ಲದ ತೆಳ್ಳನೆಯ ಹಾವು ಅದು. ಅದನ್ನು ಸಾಕಿದ್ದ ಮೇಷ್ಟರು ಬೇರೆ ಊರಿಗೆ ಹೊರಟಾಗ, ಬೇಸಿಗೆ ರಜೆಯಲ್ಲಿ ಅದನ್ನು ನೋಡಿಕೊಳ್ಳುವವರು ಯಾರೆಂಬ ಮಾತು ಬಂತು. ಎಲ್ಲರೂ ಕಿಟಕಿಯ ಆಚೆ ನೋಡತೊಡಗಿದರು. "ರಜೆ ಮುಗಿಯೋವರೆಗೆ ತಾನೆ" ಎಂದು ಆರ್ಡಿತ್ ಪೆಟ್ಟಿಗೆಯನ್ನು ಕಾರಿನಲ್ಲಿಟ್ಟುಕೊಂಡು ಬಂದಳು. ಇಪ್ಪತ್ತು ವರ್ಷ ಕಳೆದು, ಅವಳೇ ನಿವೃತ್ತಳಾದರೂ ಆ ರಜೆ ಮುಗಿದಿರಲಿಲ್ಲ. ಪ್ರತಿ ವರ್ಷ ಶಾಲೆಯ ಹಳದಿ ಬಸ್ಸು ಬೀದಿಯಲ್ಲಿ ಕಾಣಿಸಿದ ಮೊದಲ ದಿನ ಗಂಡ ವೆಂಡೆಲ್ ತಪ್ಪದೆ ಕೇಳುತ್ತಿದ್ದ: "ಏನೇ, ಶಾಲೆ ಶುರುವಾಯ್ತಂತೆ. ನಿನ್ನ ವಿದ್ಯಾರ್ಥಿನಿ ಹೊರಡೋದು ಯಾವಾಗ?"

"ಪಾಠ ಇನ್ನೂ ಬಾಕಿ ಇದೆ ಕಣಯ್ಯ" ಎಂಬುದು ಅವಳ ಉತ್ತರ.

ಮೇರಿಗೋಲ್ಡಿನ ದೆಸೆಯಿಂದಲೇ ಆರ್ಡಿತ್ ಊರಿನ ಹಾವು ಸಾಕುವವರ ಸಂಘವನ್ನು ಸೇರಿದಳು. ಸಂಘ ತಿಂಗಳಿಗೊಮ್ಮೆ ಗ್ರಂಥಾಲಯದ ಸಭಾಂಗಣದಲ್ಲಿ ಕೂಡುತ್ತಿತ್ತು. ಅಲ್ಲಿ ದೊರೆತ ಎರಡನೆಯ ಹಾವು ಡಂಪ್ಲಿಂಗ್. ಅದೊಂದು ಪುಟ್ಟ ಜಾತಿಯ ಗಂಡು ಹೆಬ್ಬಾವು. ಹೆದರಿದರೆ ತಲೆಯನ್ನು ನಡುವೆ ಹುದುಗಿಸಿಕೊಂಡು ಕಡುಬಿನಂತೆ ದುಂಡಗಾಗುತ್ತಿತ್ತು. ಮೈಮೇಲಿನ ಚಿತ್ತಾರ ಅಪರೂಪದ್ದು. ಅದನ್ನು ಕಂಡು ಲೊವೆಲ್ ಪ್ರುಯಿಟ್ ಎಂಬ ಸಂಘದ ಹಿರಿಯ, ತನ್ನ ಮನೆಯ ಹೆಣ್ಣಿನೊಂದಿಗೆ ಜೊತೆ ಮಾಡಲು ಚಳಿಗಾಲದ ಮಟ್ಟಿಗೆ ಡಂಪ್ಲಿಂಗನ್ನು ಕೇಳಿದ. ಹೀಗೆ ಗಂಡನ್ನು ಎರವಲು ಕೊಡುವುದು ಅವರೊಳಗೆ ವಾಡಿಕೆ. ಮರಿಯಾದರೆ ಒಂದು ಮರಿ ಗಂಡಿನ ಮನೆಗೆ ಸಲ್ಲಬೇಕು. ಲೊವೆಲ್‌ನ ಮನೆಯ ನೆಲಮಾಳಿಗೆಯಲ್ಲಿ ನಲವತ್ತು ಹಾವುಗಳಿದ್ದವು. ಒಂದೊಂದು ಪೆಟ್ಟಿಗೆಯೂ ಔಷಧಿ ಅಂಗಡಿಯ ಕಪಾಟಿನಂತೆ ಹೊಳೆಯುತ್ತಿತ್ತು. ಆರ್ಡಿತ್ ಎರಡು ಮಾತಾಡದೆ ಕೊಟ್ಟಳು.

ಮಾರ್ಚ್ ತಿಂಗಳಿನಲ್ಲಿ ಡಂಪ್ಲಿಂಗ್ ದಿಂಬಿನ ಚೀಲದೊಳಗೆ ಕುಳಿತು ಹಿಂತಿರುಗಿತು. ಚೀಲ ಹಿಡಿದು ಬಂದ ಲೊವೆಲ್ ಅಡುಗೆಮನೆಯಲ್ಲೇ ಕುಳಿತು ಆರ್ಡಿತ್ ಮಾಡಿದ ಸೇಬಿನ ಕಡುಬು ತಿನ್ನುತ್ತ, "ಅಳಿಯ ಕೆಲಸ ಚೆನ್ನಾಗಿ ಮಾಡಿದ್ದಾನೆ ಕಣೇ. ಮೊಟ್ಟೆ ಗ್ಯಾರಂಟಿ" ಎಂದ.

ಸಂಘದವರಿಗೆ ಒಂದು ನಿಯಮವಿತ್ತು. ಹೊರಗಿನಿಂದ ಬಂದ ಹಾವು, ತನ್ನದೇ ಆಗಿದ್ದರೂ, ರೋಗವೋ ಹುಳವೋ ಇದ್ದರೆ ಕಾಣಲೆಂದು ಕೆಲವು ತಿಂಗಳು ಬೇರೆ ಕೋಣೆಯಲ್ಲಿ ಬಿಳಿ ಕಾಗದದ ಹಾಸಿನ ಮೇಲೆ ಒಂಟಿಯಾಗಿರಬೇಕು. ಆರ್ಡಿತ್‌ಗೆ ಅದಕ್ಕೆಂದೇ ಬಟ್ಟೆ ಒಗೆಯುವ ಕೋಣೆಯಿತ್ತು. ಆದರೆ ಲೊವೆಲ್ ಎದುರಿಗೇ ಕುಳಿತಿದ್ದ. ಅವನ ಕಣ್ಣೆದುರು ಡಂಪ್ಲಿಂಗನ್ನು ಅಲ್ಲಿಗೆ ಒಯ್ದರೆ, ಬೀಗರ ಮನೆಯಿಂದ ಬಂದ ಮಗಳನ್ನು ಹೊಸಿಲಲ್ಲೇ ನಿಲ್ಲಿಸಿ ತಲೆಗೂದಲು ಬಿಡಿಸಿ ಹೇನು ನೋಡಿದಂತಾಗುವುದಿಲ್ಲವೇ? ಆರ್ಡಿತ್ ಅದನ್ನು ನೇರವಾಗಿ ಮೇರಿಗೋಲ್ಡಿನ ಪಕ್ಕದ ಹಳೆಯ ಪೆಟ್ಟಿಗೆಗೆ ಬಿಟ್ಟಳು. ಲೊವೆಲ್ ಅದನ್ನು ನೋಡಿದ. ನೋಡಿ ಸಂತೋಷಪಟ್ಟ.

ಕೆಲವು ವಾರಗಳಲ್ಲಿ ಡಂಪ್ಲಿಂಗ್ ಹಗಲೆಲ್ಲ ನೀರಿನ ಬಟ್ಟಲಿನಲ್ಲೇ ಮಲಗತೊಡಗಿತು. ಸೆಕೆಯಿರಬಹುದೆಂದು ಆರ್ಡಿತ್ ಪೆಟ್ಟಿಗೆ ಬೆಚ್ಚಗಿಡುವ ದೀಪದ ಕಾವು ತಗ್ಗಿಸಿದಳು. ಅನಂತರ ಮೇರಿಗೋಲ್ಡೂ ಬಟ್ಟಲು ಹೊಕ್ಕಿತು. ಒಂದು ಬೆಳಗ್ಗೆ ನೀರು ಬದಲಿಸಲು ಬಟ್ಟಲನ್ನು ಸಿಂಕಿನ ಬಳಿಗೆ ತಂದಾಗ ತಳದಲ್ಲಿ ಕರಿಮೆಣಸಿನ ಪುಡಿ ಉದುರಿದಂತಿತ್ತು.

"ವೆಂಡೆಲ್, ಮೆಣಸಿನ ಡಬ್ಬಿ ಇಲ್ಲೇನಾದ್ರೂ ಚೆಲ್ಲಿದ್ಯಾ?"

"ನಾನು ಮೊಟ್ಟೆಗೇ ಮೆಣಸು ಹಾಕ್ಕೊಳ್ಳಲ್ಲ, ಹಾವಿನ ನೀರಿಗೆ ಹಾಕ್ತೀನಾ?"

ಅಷ್ಟರಲ್ಲಿ ಒಂದು ಮೆಣಸಿನ ಕಣ ನಡೆಯಿತು. ಆರ್ಡಿತ್ ಬಿಳಿಯ ಕಾಗದದ ಕರವಸ್ತ್ರವನ್ನು ಮೇರಿಗೋಲ್ಡಿನ ಮೈಮೇಲೆ ಮೆಲ್ಲಗೆ ಎಳೆದಳು. ಕಾಗದದ ಮೇಲೆ ಕಪ್ಪು ಚುಕ್ಕೆಗಳು ಹರಿದಾಡಿದವು. ಒಂದನ್ನು ಒತ್ತಿದರೆ ಕೆಂಪು ಕಲೆ. ನುಸಿ! ಹಾವಿನ ಹುರುಪೆಯ ಅಡಿಯಲ್ಲಿ, ಕಣ್ಣಂಚಿನಲ್ಲಿ ಕುಳಿತು ರಕ್ತ ಹೀರುವ ನುಸಿ. ಡಂಪ್ಲಿಂಗ್ ಗಟ್ಟಿ ಪ್ರಾಣಿ. ಮೇರಿಗೋಲ್ಡ್ ಮುದುಕಿ, ಅದರ ಮೈಯಲ್ಲಿ ಕಳೆದುಕೊಳ್ಳುವಷ್ಟು ರಕ್ತವೆಲ್ಲಿತ್ತು?

ವೆಂಡೆಲ್ ಗಾಬರಿಯಿಂದ ಗ್ಯಾರೇಜಿಗೆ ಹೋಗಿ ಒಂದು ಸೀಸೆ ತಂದ. "ನಮ್ಮ ನಾಯಿಗೆ ಚಿಗಟಕ್ಕೆ ಹೊಡೀತಿದ್ದ ಔಷಧಿ ಇದೆಯಲ್ಲ. ಎರಡು ಸಲ ಹೊಡೆದ್ರೆ ಮುಗೀತು."

"ನುಸಿ ಜೊತೆಗೆ ಇವಳ ಕಥೇನೂ ಮುಗಿಯುತ್ತೆ ಮಾರಾಯ. ನಾಯಿಗೆ ಆಗೋದು ಹಾವಿಗೆ ವಿಷ. ಒಳಗಿಡು."

"ಹೋಗ್ಲಿ, ಅಡುಗೆ ಎಣ್ಣೆ ಸವರೋಣವೇ?"

"ಹುರಿಯೋದಕ್ಕೇನು ಕೋಳಿಯೇ ಇವಳು? ಸುಮ್ನೆ ಕಾರು ತೆಗಿ."

ಪಶುವೈದ್ಯೆ ವೈಗಾಂಡ್ ಮೇರಿಗೋಲ್ಡಿನ ಬಾಯಿ ತೆರೆದು ನೋಡಿದಳು. ಒಸಡು ಬಿಳಿಚಿತ್ತು. "ಡಂಪ್ಲಿಂಗ್ ಬಗ್ಗೆ ಚಿಂತೆ ಬೇಡ. ಈ ಅಜ್ಜಿಗೆ ಮಾತ್ರ ಯಾವ ಔಷಧೀನೂ ಸೋಕಿಸಬೇಡಿ, ತಡೆಯೋ ಶಕ್ತಿ ಇಲ್ಲ" ಎಂದಳು. "ಬರೀ ಉಗುರುಬೆಚ್ಚನೆ ನೀರಲ್ಲಿ ನೆನೆಸಿ, ನುಸಿ ಮುಳುಗಿ ಸಾಯುತ್ತೆ. ತಲೆ ಮೇಲಿರಲಿ, ನೀವು ಪಕ್ಕದಲ್ಲೇ ಇರಿ. ನುಸಿ ತಿನ್ನೋ ನುಸಿ ಅಂತ ಒಂದು ಜಾತಿ ಸಿಗುತ್ತೆ, ಹಾವಿಗೆ ಏನೂ ಮಾಡಲ್ಲ. ಸಿಕ್ಕಿದ್ರೆ ಅದನ್ನ ಬಿಡಿ."

"ಉಳೀತಾಳಾ ಡಾಕ್ಟರೇ?"

"ತಾನಾಗಿ ಊಟ ಮಾಡಿದ ದಿನ ಉಳಿದಳು ಅಂತ ತಿಳ್ಕೊಳ್ಳಿ."

ಮನೆಗೆ ಬಂದವಳೇ ಆರ್ಡಿತ್ ಶಾಲೆಯ ಅಡುಗೆಮನೆಯನ್ನು ತೊಳೆಯುತ್ತಿದ್ದ ಹುರುಪಿನಿಂದ ತೋಳು ಮಡಿಚಿದಳು. ಪೆಟ್ಟಿಗೆಗಳಲ್ಲಿ ಹಾಸಿದ್ದ ಮರದ ಚಕ್ಕೆಯನ್ನೂ ಹಾವು ಅಡಗಲೆಂದು ಇಟ್ಟಿದ್ದ ಹಳೆಯ ಕೊರಡನ್ನೂ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಎಸೆದಳು. ಗಾಜನ್ನು ಬಿಸಿ ಸಾಬೂನು ನೀರಿನಲ್ಲಿ, ಮೂಲೆ ಮೂಲೆಯ ಬಿರುಕನ್ನೂ ಬಿಡದೆ ಉಜ್ಜಿ, ಬಿಳಿಯ ಕಾಗದ ಹಾಸಿದಳು. ಡಂಪ್ಲಿಂಗಿನ ಪೆಟ್ಟಿಗೆಗೆ ಮಾತ್ರ ಹಾವು ಸಾಕುವವರಿಗೆಂದೇ ಮಾರುವ ಔಷಧಿಯನ್ನು ಸಿಂಪಡಿಸಿದಳು. ಅದೂ ಹಾವನ್ನೂ ನೀರಿನ ಬಟ್ಟಲನ್ನೂ ಹೊರಗಿಟ್ಟು, ಕಿಟಕಿ ತೆರೆದು, ಪೂರ್ತಿ ಒಣಗಿದ ಮೇಲೆಯೇ ಡಂಪ್ಲಿಂಗನ್ನು ಒಳಗೆ ಬಿಟ್ಟಳು. ಮೊಟ್ಟೆಯೊಳಗಿನ ನುಸಿ ಸಾಯುವುದಿಲ್ಲವಾದ್ದರಿಂದ ಈ ಕೆಲಸ ಮತ್ತೆ ಮತ್ತೆ ನಡೆಯಬೇಕಾಗಿತ್ತು.

ಮೇರಿಗೋಲ್ಡಿನ ಸ್ನಾನಕ್ಕೆ ಮಿಠಾಯಿಯ ಅಗಲ ಡಬ್ಬಿಯೊಂದು ಒದಗಿತು. ಮೊಣಕೈ ಅದ್ದಿ ನೀರಿನ ಹದ ನೋಡಿ, ಹಾವನ್ನು ಇಳಿಬಿಟ್ಟು, ಆರ್ಡಿತ್ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಅದು ಅವಳ ಹೆಬ್ಬೆರಳ ಮೇಲೆ ಗದ್ದವೂರಿ ಸುಮ್ಮನಿರುತ್ತಿತ್ತು. ಊಟಕ್ಕೆ ಇಟ್ಟ ಪುಟ್ಟ ಇಲಿಯನ್ನು ಮಾತ್ರ ಮೂಸಿಯೂ ನೋಡಲಿಲ್ಲ.

ಉಳಿದದ್ದು ಲೊವೆಲ್‌ಗೆ ತಿಳಿಸುವ ಕೆಲಸ. ಆರ್ಡಿತ್ ಫೋನಿನ ಬಳಿ ಹೋಗುವುದು, ಮೇಜು ಒರೆಸಿ ಹಿಂತಿರುಗುವುದು, ಹೀಗೇ ಮಾಡುತ್ತಿದ್ದಳು.

"ಮೇಜು ಸವೀತಾ ಇದೆ" ಎಂದ ವೆಂಡೆಲ್. "ಅವನ ಮನೇಲಿ ನಲವತ್ತಿವೆ. ಬಟಾಣಿ ಬಡಿಸಿದ ಹಾಗೆ ಬಡಿಸಿಬಿಡು. ಬೇಡ ಅಂತಾನೆ, ಅಂದ್ಕೊಳ್ಳಲಿ."

ಫೋನು ಮಾಡಿದಳು. ಲೊವೆಲ್ ಮೊದಲು ಪೂರ್ತಿ ಕೇಳಿಸಿಕೊಂಡ. ಆಮೇಲೆ, "ನನ್ನ ಮನೇಲಿ ನುಸಿಯಾ? ನನ್ನ ನೆಲಮಾಳಿಗೆ ನೆಲದ ಮೇಲೆ ಊಟ ಮಾಡಬಹುದು ಆರ್ಡಿತ್. ನಿನ್ನ ಆ ಕೊಳೆತ ಕೊರಡು ನೋಡ್ಕೊ ಮೊದ್ಲು" ಎಂದು ಇಟ್ಟುಬಿಟ್ಟ.

ಆರ್ಡಿತ್‌ಗೆ ಕಣ್ಣು ತುಂಬಿ ಬಂತು. ಹಾವೂ ಹೋಗುತ್ತದೆ, ಗೆಳೆಯನೂ ಹೋದ ಎಂದುಕೊಂಡಳು.

ಮರುದಿನ ಮಧ್ಯಾಹ್ನ ಲೊವೆಲ್‌ನ ಗಾಡಿ ಬೀದಿಯಲ್ಲಿ ನಿಂತಿತು. ಅವನು ಮೆಟ್ಟಿಲು ಹತ್ತಲಿಲ್ಲ. ಹುಲ್ಲಿನ ಮೇಲೆಯೇ ನಿಂತು ಕೂಗಿದ: "ಒಳಗೆ ಬರಲ್ಲ ಕಣೇ. ಸ್ನಾನ ಮಾಡಿ ಬಟ್ಟೆ ಬದಲಾಯಿಸಿದೀನಿ, ಆದ್ರೂ ಬರಲ್ಲ. ಇಲ್ಲೇ ಬಾ."

ಆರ್ಡಿತ್ ಹೊರಬಂದಳು.

"ನಿನ್ನ ಫೋನು ಇಟ್ಟ ಮೇಲೆ ಸಿಟ್ಟಿನಿಂದಲೇ ಬಿಳಿ ಕಾಗದ ತಗೊಂಡು ಕೆಳಗಿಳಿದೆ, ಏನೂ ಇಲ್ಲ ಅಂತ ತೋರ್ಸೋಣ ಅಂತ. ಮೂರನೇ ಪೆಟ್ಟಿಗೇಲೇ ಸಿಕ್ತು. ಶರತ್ಕಾಲದ ಹಾವಿನ ಮೇಳದಲ್ಲಿ ಹಳೇ ಸ್ನೇಹಿತನೊಬ್ಬ ಒಂದು ಹೆಣ್ಣು ಹಾವು ಕೊಟ್ಟ. ಮೂವತ್ತು ವರ್ಷದ ಗೆಳೆಯ. ಅವನ ಹಾವನ್ನ ಬೇರೆ ಕೋಣೇಲಿ ಇಡೋದು ಹೇಗೆ ಹೇಳು?"

"ನಾನೂ ಹಾಗೇ ಅಂದ್ಕೊಂಡೆ" ಎಂದಳು ಆರ್ಡಿತ್.

ಲೊವೆಲ್ ಹುಲ್ಲಿನ ಮೇಲೆ ಒಂದು ತಗಡಿನ ಡಬ್ಬಿಯನ್ನಿಟ್ಟು ಹಿಂದೆ ಸರಿದ. "ಅಂಗಡಿಯಿಂದ ಸೀದಾ ತಂದಿದ್ದು, ಮನೆಗೆ ಒಯ್ದಿಲ್ಲ. ನುಸಿ ತಿನ್ನೋ ನುಸಿ. ಮುದುಕಿ ಪೆಟ್ಟಿಗೇಲಿ ಕಾಗದದ ಮಡಿಕೆಗಳ ನಡುವೆ ಉದುರಿಸು. ಔಷಧಿ ಹೊಡೆದ ಕಡೆ ಹಾಕಬೇಡ, ಪಾಪ ಅವೂ ಸಾಯ್ತವೆ."

ಬಾಗಿಲಲ್ಲಿ ನಿಂತಿದ್ದ ವೆಂಡೆಲ್, "ಹುಳ ಹೋಗ್ಲಿ ಅಂತ ದುಡ್ಡು ಕೊಟ್ಟು ಹುಳ ತಂದ್ಯೇನೋ? ನೀವಿಬ್ರೂ ಸೇರಿ ಕೊನೆಗೆ ನನ್ನನ್ನ ಗ್ಯಾರೇಜಿಗೆ ಕಳಿಸ್ತೀರಿ" ಎಂದ. ಲೊವೆಲ್ ನಕ್ಕ. ಆರ್ಡಿತ್ ಸೇಬಿನ ಕಡುಬನ್ನು ಕಾಗದದ ತಟ್ಟೆಯಲ್ಲಿ ಹುಲ್ಲಿನವರೆಗೂ ಕೊಂಡೊಯ್ದು ಕೊಟ್ಟಳು. ಅವನು ನಿಂತೇ ತಿಂದ.

ವಸಂತ ಕಳೆಯುತ್ತ ನೀರಿನ ಬಟ್ಟಲಿನ ಮೆಣಸು ಕಡಿಮೆಯಾಯಿತು, ಆಮೇಲೆ ಕಾಣದಾಯಿತು. ಮೇರಿಗೋಲ್ಡಿನ ಕಣ್ಣು ಮಂಜಾಗಿ, ಪೊರೆ ತಲೆಯಿಂದ ಬಾಲದವರೆಗೆ ಕಾಲುಚೀಲ ಕಳಚಿದಂತೆ ಒಂದೇ ಬಾರಿಗೆ ಬಂತು. ಆದರೂ ಇಲಿ ಮುಟ್ಟಲಿಲ್ಲ. ಜೂನ್ ತಿಂಗಳಿನ ಒಂದು ಸಂಜೆ ಆರ್ಡಿತ್ ಹೆಚ್ಚು ಆಸೆಯಿಲ್ಲದೆ ಫ್ರೀಜರಿನಲ್ಲಿಟ್ಟಿದ್ದ ಪುಟ್ಟ ಸತ್ತ ಇಲಿಯೊಂದನ್ನು ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಒಳಗಿಟ್ಟು, ಪಾತ್ರೆ ತೊಳೆಯಲು ಹೋದಳು. ತಿರುಗಿ ಬಂದಾಗ ಇಲಿಯ ಬಾಲ ಮಾತ್ರ ಮೇರಿಗೋಲ್ಡಿನ ಬಾಯಿಯ ಹೊರಗಿತ್ತು.

"ವೆಂಡೆಲ್! ತಿಂದ್ಲು ಕಣೋ!"

ವೆಂಡೆಲ್ ಪತ್ರಿಕೆ ಕೆಳಗಿಟ್ಟು ಬಂದು, ಗಾಜಿನ ಮುಂದೆ ಬಗ್ಗಿ ನೋಡಿದ. "ಪರವಾಗಿಲ್ವೇ ಹುಡುಗಿ" ಎಂದು ಕನ್ನಡಕ ತೆಗೆದು ಒರೆಸಿಕೊಂಡ.

ಬೇಸಿಗೆಯ ಕೊನೆಗೆ ಲೊವೆಲ್ ಮತ್ತೊಂದು ದಿಂಬಿನ ಚೀಲ ತಂದ. ಒಳಗೆ ಡಂಪ್ಲಿಂಗಿನ ಮಗಳು, ನಿಂಬೆಹಣ್ಣಿನಷ್ಟು ದಪ್ಪಗೆ ಸುತ್ತಿಕೊಂಡಿತ್ತು. ಆರ್ಡಿತ್ ಅದನ್ನು ಅಂಗೈಯಲ್ಲಿ ತೂಗಿ ನೋಡಿದಳು. ಆಮೇಲೆ ಲೊವೆಲ್‌ನ ಮುಖ ನೋಡಿದಳು.

"ನೋಡು ಲೊವೆಲ್, ಇವಳು ಒಗೆಯೋ ಕೋಣೆಗೆ ಹೋಗ್ತಾಳೆ. ಬೇಜಾರು ಮಾಡ್ಕೋಬೇಡ."

"ಹೋಗದಿದ್ರೆ ಮರೀನ ವಾಪಸ್ ತಗೊಂಡು ಹೋಗ್ತಿದ್ದೆ" ಎಂದ ಲೊವೆಲ್. "ಎಲ್ಲಿ, ಕಾಗದ ನಾನೇ ಹಾಸ್ತೀನಿ."

ಇಬ್ಬರೂ ಕೈ ತೊಳೆದುಕೊಂಡು ಒಗೆಯುವ ಕೋಣೆಗೆ ನಡೆದರು. ಹಿಂದಿನಿಂದ ವೆಂಡೆಲ್ ಕೂಗಿ ಕೇಳಿದ: "ಇದೂ ಬೇಸಿಗೆ ರಜೆಗೆ ಬಂದಿದ್ದೇ ಏನೇ?"