ಬೈರಯ್ಯನ ಬಸ್ಸಿನ ಮನೆ

ಹಾಸನದ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಬೈರಯ್ಯ ಹನ್ನೊಂದು ವರ್ಷ ಬಸ್ಸು ಓಡಿಸಿದ. ಯುದ್ಧ ಬಂದು ಪೆಟ್ರೋಲು ಸಿಗದಂತಾದಾಗ, ನಲವತ್ತೆರಡನೇ ಇಸವಿಯಲ್ಲಿ, ಶಾಲೆಯವರು ಬಸ್ಸು ನಿಲ್ಲಿಸಿದರು. ಇಂಜಿನ್ನು ಬಿಚ್ಚಿಸಿ ಚನ್ನರಾಯಪಟ್ಟಣದ ಅಕ್ಕಿ ಗಿರಣಿಯೊಂದಕ್ಕೆ ಮಾರಿದರು. ಉಳಿದ ಬಸ್ಸು ಶಾಲೆಯ ಹಿತ್ತಲಲ್ಲಿ ನಿಂತಿತು. ಕೋಳಿಗಳು ಅದರೊಳಗೆ ಮೊಟ್ಟೆಯಿಡತೊಡಗಿದವು.

ಅದೇ ವರ್ಷ ಒಂದು ಬೆಳಿಗ್ಗೆ ಅವನ ಹೆಂಡತಿ ಬೆಟ್ಟಮ್ಮ ಒಲೆಯಿಂದ ಮಡಕೆ ಇಳಿಸಿ ಬಂದಳು. ಅವಳ ಅಂಗೈಯಲ್ಲಿ ದೊಡ್ಡ ಬೊಬ್ಬೆ ಎದ್ದಿತ್ತು. ಅದನ್ನು ಮೊದಲು ಕಂಡವನು ಬೈರಯ್ಯ.

“ಇದೇನಮ್ಮಿ, ಕೈ ಸುಟ್ಕೊಂಡಿದ್ದೀಯ!”

ಬೆಟ್ಟಮ್ಮ ಕೈ ತಿರುಗಿಸಿ ನೋಡಿಕೊಂಡಳು. “ಉರೀನೇ ಇಲ್ವಲ್ಲಾ,” ಎಂದು ನಕ್ಕಳು.

ಆಸ್ಪತ್ರೆಯ ಡಾಕ್ಟರು ಅವಳ ಬೆನ್ನಿನ ಮೇಲಿದ್ದ ಬಿಳಿಚಿದ ಮಚ್ಚೆಗೆ ಸೂಜಿ ಚುಚ್ಚಿದರು. ಅವಳಿಗೆ ಅದೂ ತಿಳಿಯಲಿಲ್ಲ. ಕುಷ್ಠ ಎಂದರು. ತಿಂಗಳಿಗೊಮ್ಮೆ ಬಂದು ಎಣ್ಣೆಯ ಇಂಜೆಕ್ಷನ್ ಹಾಕಿಸಿಕೊಂಡು ಹೋಗಬೇಕು ಎಂದರು.

ಅವರಿದ್ದ ಬಾಡಿಗೆ ಮನೆಯ ಯಜಮಾನ ಈಶ್ವರಯ್ಯ ಕೆಟ್ಟವನಲ್ಲ. ಆದರೆ ಆ ದಿನ ಅವನು ಜಗಲಿ ಹತ್ತದೆ ಬೀದಿಯಲ್ಲೇ ನಿಂತು ಮಾತಾಡಿದ. “ನಾನೇನೂ ಅನ್ನಲ್ಲ ಕಣಪ್ಪ ಬೈರಯ್ಯ. ಆದ್ರೆ ಬಾವಿ ಒಂದೇ, ಹಗ್ಗ ಒಂದೇ. ಅಕ್ಕಪಕ್ಕದೋರು ಸುಮ್ನಿರ್ತಾರಾ?”

ಬೇರೆ ಮನೆ ಕೇಳಲು ಹೋದ ಕಡೆಯಲ್ಲೆಲ್ಲ ಸುದ್ದಿ ಅವನಿಗಿಂತ ಮುಂಚೆಯೇ ತಲುಪಿತ್ತು. ಕೊನೆಗೆ ಶಾಲೆಯ ಹೆಡ್‌ಮಿಸ್ಟ್ರೆಸ್ ದಾಕ್ಷಾಯಣಮ್ಮನೇ ಅವನನ್ನು ಕರೆಸಿದರು. “ಆ ಬಸ್ಸನ್ನು ತೊಗೊಂಡು ಹೋಗು ಬೈರಯ್ಯ. ಬೇರೇನೂ ಕೊಡೋದಕ್ಕೆ ನನ್ನ ಕೈಲಾಗಲ್ಲ,” ಎಂದರು. ಅವನು ಬಾಗಿಲ ತನಕ ಹೋದಾಗ, “ಅದರ ಮೇಲಿರೋ ಶಾಲೆ ಹೆಸರನ್ನ ಮಾತ್ರ ಕೆರೆದುಬಿಡು,” ಎಂದರು. ಬೈರಯ್ಯ ತಾನೇ ವರ್ಷ ವರ್ಷ ಬಣ್ಣ ಬಳಿದಿದ್ದ ಅಕ್ಷರಗಳನ್ನು ಕುಡುಗೋಲಿನಿಂದ ಕೆರೆದ.

ಬಡಗಿ ಚನ್ನಪ್ಪ ವಿಷಯ ಗೊತ್ತಿದ್ದೂ ಬಂದ. ಇಂಜಿನ್ನಿದ್ದ ಜಾಗದಲ್ಲಿ ಎತ್ತಿನ ಗಾಡಿಯ ಮೂಕಿಮರ ಕೂಡಿಸಿ ನೊಗ ಕಟ್ಟುವಂತೆ ಮಾಡಿದ. ಯುದ್ಧಕಾಲದಲ್ಲಿ ರಬ್ಬರು ಸಿಗುತ್ತಿರಲಿಲ್ಲ. ಸವೆದ ಟೈರುಗಳೊಳಗೆ ಇಬ್ಬರೂ ಸೇರಿ ಬತ್ತದ ಹುಲ್ಲು ತುರುಕಿದರು. ಒಂದು ಬದಿಯ ಬೆಂಚುಗಳು ಮಂಚವಾದವು, ಇನ್ನೊಂದು ಬದಿಯವು ಪಾತ್ರೆ ಇಡುವ ಹಲಗೆಗಳಾದವು. ಹಿಂಭಾಗದಲ್ಲಿ ತಗಡು ಹಾಸಿ, ಮೇಲೆ ಜೇಡಿಮಣ್ಣು ಬಡಿದು ಒಲೆ ಹಾಕಿದರು. ಹೊಗೆ ಹೋಗಲು ಚಾವಣಿಗೆ ತೂತು ಕೊರೆದರು. ಬೆಟ್ಟಮ್ಮನ ಸರ ಮಾರಿ ಒಂದು ಜೊತೆ ಎತ್ತು ತಂದರು.

ಹನ್ನೊಂದು ವರ್ಷದ ಮಗಳು ಜವರಮ್ಮನನ್ನು ಚನ್ನರಾಯಪಟ್ಟಣದಲ್ಲಿದ್ದ ಬೈರಯ್ಯನ ಅಣ್ಣ ಚಲುವಯ್ಯನ ಮನೆಗೆ ಕಳಿಸಿದರು. ಹೊರಡುವಾಗ ಹುಡುಗಿ ಅಳುತ್ತಾ ಅವ್ವನ ಕಡೆ ಓಡಿ ಬಂದಾಗ ಬೆಟ್ಟಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

ಆಮೇಲೆ ಐದು ವರ್ಷ ರಸ್ತೆಯಲ್ಲೇ ಕಳೆಯಿತು. ಸಂತೆಗಳಲ್ಲಿ ಕೂತು ಬೈರಯ್ಯ ಗ್ಯಾಸ್‌ಲೈಟು, ಸ್ಟೌವು ರಿಪೇರಿ ಮಾಡುತ್ತಿದ್ದ. ಬಸ್ಸನ್ನು ಊರಾಚೆ ನಿಲ್ಲಿಸುತ್ತಿದ್ದ. ಕೊಣನೂರಿನಲ್ಲಿ ಹದಿನೈದು ದಿನ ನೆಮ್ಮದಿಯಾಗಿದ್ದರು. ಕಾವೇರಿಗೆ ನೀರಿಗೆ ಬಂದ ಹೆಂಗಸೊಬ್ಬಳು ಬೆಟ್ಟಮ್ಮನ ಮುರುಟಿದ ಬೆರಳುಗಳನ್ನು ಕಂಡಳು. ಸಂಜೆಯೊಳಗೆ ಜನ ಸೇರಿದರು. “ನೀನಿರು, ಬ್ಯಾಡ ಅನ್ನಲ್ಲ. ಅವಳ್ನ ಎಲ್ಲಾದ್ರೂ ಬುಟ್ಟು ಬಾ,” ಎಂದರು. ಬೈರಯ್ಯ ಎತ್ತು ಹೂಡಿದ. ಅರಕಲಗೂಡಿನ ಹತ್ತಿರ ಯಾರೂ ಮಾತಾಡಲಿಲ್ಲ, ಕಲ್ಲು ಬಿತ್ತು. ಮುಂದಿನ ಗಾಜು ಒಡೆದುಹೋಯಿತು. ಅಲ್ಲಿಗೆ ಗೋಣಿತಾಟು ಕಟ್ಟಿಕೊಂಡರು.

ನಲವತ್ತೇಳರಲ್ಲಿ ಜವರಮ್ಮನಿಗೆ ಹೊಳೆನರಸೀಪುರದ ಕಡೆಯಿಂದ ಗಂಡು ಕೂಡಿಬಂತು. ಚಲುವಯ್ಯ ಸಂತೆಗೆ ಬಂದು ತಮ್ಮನನ್ನು ಕಂಡ. “ತಾಯಿ ಇಲ್ಲ ಅಂತ ಏಳ್ಬುಟ್ಟಿದ್ದೀನಿ ಕಣ್ಲಾ. ಇಲ್ದಿದ್ರೆ ಈ ಮದ್ವೆ ಆಗಲ್ಲ,” ಎಂದ.

ಬೈರಯ್ಯನಿಗೆ ಸಿಟ್ಟು ನೆತ್ತಿಗೇರಿತು. ಬಸ್ಸಿಗೆ ಬಂದು ಹೇಳಿದಾಗ ಬೆಟ್ಟಮ್ಮ ಒಲೆ ಊದುವುದನ್ನು ನಿಲ್ಲಿಸಲಿಲ್ಲ.

“ಬಾವ ಸರಿಯಾಗೇ ಏಳವ್ರೆ. ನೀವೂ ಅಂಗೇ ಅನ್ನಿ.”

“ಬದ್ಕಿರೋಳ್ನ ಸತ್ತೋದ್ಲು ಅಂತ ನನ್ನ ಬಾಯಲ್ಲಿ ಎಂಗಮ್ಮಿ ಅನ್ಲಿ?”

“ನಾನಿದ್ದು ಅವಳು ಮನೇಲೇ ಉಳ್ಕೊಂಡ್ರೆ ಏನು ಬಂತು? ಅನ್ನಿ. ನಂಗೇನೂ ಆಗಲ್ಲ.”

ಮದುವೆಯಲ್ಲಿ ಧಾರೆ ಎರೆದವರು ಚಲುವಯ್ಯ ಮತ್ತು ಅವನ ಹೆಂಡತಿ. ಹೆಂಡತಿಯಿಲ್ಲದವನೆಂದು ಬೈರಯ್ಯ ಚಪ್ಪರದ ಕಂಬಕ್ಕೆ ಒರಗಿ ನಿಂತಿದ್ದ. ಊಟದ ಹೊತ್ತಿಗೆ ಗಂಡಿನ ಕಡೆಯ ಮುದುಕಿಯೊಬ್ಬಳು ಮದುಮಗಳ ಗದ್ದ ಹಿಡಿದು, “ನಿಮ್ಮವ್ವಂಗೆ ಏನಾಗಿತ್ತವ್ವ?” ಎಂದು ಕೇಳಿದಳು.

ಜವರಮ್ಮ ಅಪ್ಪನ ಮುಖ ನೋಡಿದಳು. “ಜ್ವರ ಬಂದಿತ್ತು,” ಎಂದಳು.

ಅವನು ಊಟ ಮಾಡದೆ ಬಂದ. ಬೆಟ್ಟಮ್ಮ ಕೆರೆಯೇರಿಯ ಆಚೆ ನಿಲ್ಲಿಸಿದ್ದ ಬಸ್ಸಿನಲ್ಲಿ ವಾಲಗ ಕೇಳುತ್ತಾ ಕೂತಿದ್ದಳು. ಸೀರೆ ಯಾವ ಬಣ್ಣದ್ದು, ಅತ್ತಳೋ ಇಲ್ಲವೋ, ಗಂಡು ಎತ್ತರವೋ ಎಂದೆಲ್ಲ ಕೇಳಿದಳು. ಅವನು ಎಲ್ಲಕ್ಕೂ ಉತ್ತರ ಕೊಟ್ಟ. ಜ್ವರದ ಮಾತೊಂದನ್ನು ಮಾತ್ರ ಹೇಳಲಿಲ್ಲ.

ಮರುವರ್ಷ ಬೆಟ್ಟಮ್ಮನ ಕಾಲಿಗೆ ಆದ ಹುಣ್ಣು ಮಾಯಲೇ ಇಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ತೀರಿಕೊಂಡಳು. ಹೊರಲು ನಾಲ್ಕು ಜನ ಸಿಗಲಿಲ್ಲ. ಬೈರಯ್ಯ ಅವಳನ್ನು ಮಲಗಿದ್ದ ಹಾಗೆಯೇ ಬಸ್ಸಿನಲ್ಲಿ ಬಂಜರಿಗೆ ಒಯ್ದು, ತಾನೇ ಗುಂಡಿ ತೋಡಿ ಮಣ್ಣು ಮಾಡಿದ.

ಮೂರನೆಯ ದಿನ ಹೊಳೆನರಸೀಪುರಕ್ಕೆ ಮಗಳ ಮನೆಗೆ ನಡೆದು ಹೋದ. ಅವಳ ಅತ್ತೆ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಜವರಮ್ಮ ಒಳಗಿಂದ ನೀರಿನ ಚೊಂಬು ತಂದಳು.

“ಎಂಗಿದ್ದೀಯ ಅಪ್ಪಯ್ಯ?”

“ಬಸ್ಸಲ್ಲಿ ಈಗ ನಾನೊಬ್ನೇ ಕಣವ್ವ,” ಎಂದ.

ಚೊಂಬು ಅವಳ ಕೈಯಲ್ಲೇ ಉಳಿಯಿತು. ಈ ಮನೆಯವರ ಪಾಲಿಗೆ ಎಂದೋ ಸತ್ತಿದ್ದ ತಾಯಿಗೆ ಇವತ್ತು ಅಳುವ ಹಾಗಿರಲಿಲ್ಲ, ಸೂತಕ ಹಿಡಿಯುವ ಹಾಗಿರಲಿಲ್ಲ. ಅವಳು ಚೊಂಬನ್ನು ಅಪ್ಪನ ಮುಂದಿಟ್ಟು, ಒಗೆದು ಒಣಹಾಕಿದ್ದ ಬಟ್ಟೆಗಳನ್ನೇ ಮತ್ತೆ ಗಂಟು ಕಟ್ಟಿದಳು.

“ಅತ್ತೇ, ಹೊಳೆಗೆ ಓಗ್ಬತ್ತೀನಿ.”

ಬೈರಯ್ಯ ಸ್ವಲ್ಪ ದೂರ ಬಿಟ್ಟು ಹಿಂದೆಯೇ ಹೋದ. ಹೇಮಾವತಿಯಲ್ಲಿ ಅವಳು ಉಟ್ಟ ಸೀರೆಯಲ್ಲೇ ಎದೆಮಟ್ಟ ಇಳಿದು ಮೂರು ಸಲ ತಲೆ ಮುಳುಗಿಸಿ ಎದ್ದಳು. ಅವನು ದಡದಲ್ಲಿ ಕೂತು, ಯಾರಾದರೂ ಕಂಡುಬಿಡುತ್ತಾರೇನೋ ಎಂದು ದಾರಿಯ ಮೇಲೆ ಕಣ್ಣಿಟ್ಟಿದ್ದ.